ಎರಡು ಬಾರಿ ತೆರೆದ ವಾಲ್ವ್

೧೯೮೪ರಲ್ಲಿ ನಾನು ಕುವೈತಿನ ದಕ್ಷಿಣ ಭಾಗದ ಒಂದು ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ತ್ಯಾಜ್ಯನೀರಿನ ಪ್ರಯೋಗಾಲಯದ ಹಿರಿಯ ಕೆಮಿಸ್ಟ್ ಆಗಿದ್ದೆ. ವಾಸ ಅಹ್ಮದಿಯಲ್ಲಿ, ಕಂಪನಿ ಕೊಟ್ಟ ಮನೆಯಲ್ಲಿ. ಮಂಡ್ಯದಲ್ಲಿದ್ದ ನೆಂಟರು ನನ್ನನ್ನು ಎಣ್ಣೆ ಕಂಪನಿಯವನೆಂದೇ ಪರಿಚಯಿಸುತ್ತಿದ್ದರು. ಆದರೆ ಆ ಹೊತ್ತಿಗೆ ಅಲ್ಲಿ ಕಳೆದ ಐದು ವರ್ಷಗಳಲ್ಲಿ ನಾನು ಕಚ್ಚಾ ತೈಲವನ್ನು ಹತ್ತಿರದಿಂದ ನೋಡಿದ್ದು ಎರಡೋ ಮೂರೋ ಸಲ. ನನ್ನ ಕೆಲಸವೆಲ್ಲ ಕಾರ್ಖಾನೆ ಬಳಸಿ ಬಿಟ್ಟ ಕೊಳೆನೀರಿನೊಂದಿಗೆ.

ಆ ನೀರಿನಲ್ಲಿ ತೊಂದರೆ ಕೊಡುವ ವಸ್ತುಗಳು ಮುಖ್ಯವಾಗಿ ಎರಡು. ಒಂದು ಫೀನಾಲ್. ಹಳೆಯ ಆಸ್ಪತ್ರೆಗಳ ವಾಸನೆ ಗೊತ್ತಿರುವವರಿಗೆ ಅದರ ವಾಸನೆ ಗೊತ್ತು. ಇನ್ನೊಂದು ಅಮೋನಿಯಾ, ಅಂದರೆ ಸಾರಜನಕದ ಒಂದು ರೂಪ. ಎರಡೂ ಸಮುದ್ರ ಸೇರಿದರೆ ಮೀನು ಸಾಯುತ್ತವೆ. ಇವನ್ನು ತೆಗೆಯಲು ನಾವು ಬಳಸುತ್ತಿದ್ದುದು ಔಷಧಿಯನ್ನಲ್ಲ, ಬ್ಯಾಕ್ಟೀರಿಯಾವನ್ನು. ಒಂದು ದೊಡ್ಡ ಕಾಂಕ್ರೀಟ್ ತೊಟ್ಟಿ. ಅದರ ತಳದಿಂದ ಹಗಲಿರುಳೂ ಗಾಳಿ ಊದುತ್ತಿರುತ್ತದೆ. ಕಂದು ಬಣ್ಣದ ನೀರು ಕುದಿಯುವಂತೆ ಕಾಣುತ್ತದೆ. ಆ ಕಂದು ಬಣ್ಣವೇ ಬ್ಯಾಕ್ಟೀರಿಯಾ.

ತೊಟ್ಟಿಯಲ್ಲಿ ಎರಡು ಬಗೆಯ ಜೀವಿಗಳಿದ್ದವು. ಫೀನಾಲ್ ತಿನ್ನುವವು ಗಟ್ಟಿಗ ಜೀವಿಗಳು. ಕೆಲವೇ ಗಂಟೆಗಳಲ್ಲಿ ಒಂದು ಎರಡಾಗುತ್ತವೆ. ಅಮೋನಿಯಾವನ್ನು ನೈಟ್ರೇಟ್ ಮಾಡುವವು ಹಾಗಲ್ಲ. ಅವು ಬಹಳ ನಿಧಾನವಾಗಿ ಬೆಳೆಯುತ್ತವೆ, ಬಿಸಿಗೂ ಫೀನಾಲಿಗೂ ಬೇಗ ಸೊರಗುತ್ತವೆ. ಗಾಳಿ ತೊಟ್ಟಿಯಿಂದ ಹೊರಬಂದ ನೀರನ್ನು ಇನ್ನೊಂದು ತೊಟ್ಟಿಯಲ್ಲಿ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಕೆಸರಿನಂತೆ ತಳಕ್ಕೆ ಕೂರುತ್ತದೆ. ಆ ಕೆಸರನ್ನು ಪಂಪಿನಿಂದ ಮತ್ತೆ ಗಾಳಿ ತೊಟ್ಟಿಗೆ ಕಳಿಸುತ್ತೇವೆ. ಹೆಚ್ಚಾದಷ್ಟನ್ನು ಮಾತ್ರ ಒಂದು ವಾಲ್ವ್ ತೆರೆದು ಹೊರಗಿನ ಮರಳಿನ ಅಂಕಣಗಳಿಗೆ ಬಿಟ್ಟು ಒಣಗಿಸುತ್ತೇವೆ. ನಮ್ಮ ಘಟಕದ ನಿಯಮ ಸರಳವಾಗಿತ್ತು: ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗಿನ ಪಾಳಿಯಲ್ಲಿ, ದಿನಕ್ಕೊಮ್ಮೆ, ಒಂದು ಗಂಟೆ. ಈ ಲೆಕ್ಕದಲ್ಲಿ ಒಂದು ಬ್ಯಾಕ್ಟೀರಿಯಾ ತೊಟ್ಟಿಯಲ್ಲಿ ಸರಾಸರಿ ಇಪ್ಪತ್ತು ದಿನ ಇರುತ್ತಿತ್ತು. ಇಪ್ಪತ್ತು ದಿನವಿದ್ದರೆ ನಿಧಾನದ ಜೀವಿಗಳಿಗೂ ಸಂತಾನ ಬೆಳೆಸಲು ಪುರುಸೊತ್ತು ಸಿಗುತ್ತದೆ.

ಆ ಪಾಳಿಯಲ್ಲಿ ಇಬ್ಬರು ಆಪರೇಟರುಗಳು. ಇಬ್ಬರೂ ದಕ್ಷಿಣ ಕನ್ನಡದವರು. ಕಂಪನಿಯ ನೌಕರರಲ್ಲ, ಘಟಕ ನಡೆಸುವ ಗುತ್ತಿಗೆದಾರನ ಕಡೆಯವರು. ಎಣ್ಣೆ ಬೇರ್ಪಡಿಸುವ ಮುಂಭಾಗ ರಾಘವನದು. ಹೆಲ್ಪರ್ ಆಗಿ ಬಂದು ಆರು ವರ್ಷ ಸವೆದ ಮೇಲೆ ಆಪರೇಟರ್ ಆಗಿದ್ದ, ಮುಲ್ಕಿ ಕಡೆಯವನು. ಬ್ಯಾಕ್ಟೀರಿಯಾ ತೊಟ್ಟಿಗಳು ಅಬ್ಬಾಸನ ಸುಪರ್ದಿ. ಅವನು ಉಳ್ಳಾಲದ ಬ್ಯಾರಿ ಮುಸ್ಲಿಂ, ರಾಘವನಿಗಿಂತ ಐದಾರು ವರ್ಷ ಚಿಕ್ಕವನು. ತಮ್ಮಲ್ಲಿ ತುಳು ಮಾತಾಡುತ್ತಿದ್ದರು. ನನ್ನನ್ನು ಕಂಡರೆ ಕನ್ನಡಕ್ಕೆ ಬರುತ್ತಿದ್ದರು. ಇಬ್ಬರಿಗೂ ಒಂದೊಂದು ಲಾಗ್ ಶೀಟ್. ಒಬ್ಬನ ಶೀಟಿನಲ್ಲಿ ಇನ್ನೊಬ್ಬ ಬರೆಯುವಂತಿಲ್ಲ, ಒಬ್ಬನ ವಾಲ್ವನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಇದು ಕಾಗದದ ಮೇಲಿನ ನಿಯಮ.

ಆ ವರ್ಷ ರಂಜಾನ್ ಜೂನ್ ತಿಂಗಳಿನಲ್ಲಿ ಬಂತು. ಪ್ರಯೋಗಾಲಯದ ಕೆಲಸದ ಅವಧಿ ದಿನಕ್ಕೆ ಆರು ಗಂಟೆಗೆ ಇಳಿಯಿತು. ಎಂದಿನ ಪರೀಕ್ಷೆಗಳನ್ನೆಲ್ಲ ಅಷ್ಟರಲ್ಲಿ ಮುಗಿಸಲಾಗುವುದಿಲ್ಲವೆಂದು ನಾನೊಂದು ಬದಲಾವಣೆ ಮಾಡಿದೆ. ಫೀನಾಲ್ ಪರೀಕ್ಷೆ ಪ್ರತಿದಿನ ಆಗಲೇಬೇಕಿತ್ತು, ಏಕೆಂದರೆ ಮೇಲಿನವರು ಪ್ರತಿದಿನ ಕೇಳುತ್ತಿದ್ದುದು ಅದನ್ನೇ. ಅಮೋನಿಯಾ ಮತ್ತು ತೊಟ್ಟಿಯ ಕೆಸರಿನ ಸಾಂದ್ರತೆ, ಇವೆರಡನ್ನು ವಾರಕ್ಕೊಮ್ಮೆಗೆ ಇಳಿಸಿದೆ. ಆ ಸೂಚನೆಗೆ ಸಹಿ ಮಾಡಿದವನು ನಾನು. ಬೇರೆ ಯಾರೂ ಅಲ್ಲ.

ಮೊದಲ ಶನಿವಾರ ಕೆಸರಿನ ಸಾಂದ್ರತೆ ಲೀಟರಿಗೆ ೩,೩೦೦ ಮಿಲಿಗ್ರಾಂ. ಎರಡನೆಯ ಶನಿವಾರ ೨,೮೦೦. ಅದರ ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ‘ಬಿಸಿಲಿನ ಪರಿಣಾಮ’ ಎಂದು ಬರೆದಿತ್ತು. ಮೂರನೆಯ ಶನಿವಾರ ಅದು ೨,೩೦೦ಕ್ಕೆ ಬಂತು. ಅದೇ ದಿನ ಹೊರಹೋಗುವ ನೀರಿನಲ್ಲಿ ಅಮೋನಿಯಾ ಲೀಟರಿಗೆ ಹದಿನಾಲ್ಕು ಮಿಲಿಗ್ರಾಂ. ಅಲ್ಲಿಯವರೆಗೆ ಅದು ಐದನ್ನು ದಾಟಿದ್ದಿಲ್ಲ. ಪರೀಕ್ಷೆಯನ್ನು ಮತ್ತೆ ಮಾಡಿದೆ, ಹದಿನಾಲ್ಕೇ. ಮಂಗಳವಾರ ಇಪ್ಪತ್ತೆರಡು. ಗುರುವಾರ ಮೂವತ್ತೊಂದು.

ಫೀನಾಲ್ ಮಾತ್ರ ಈ ಎಲ್ಲ ದಿನಗಳಲ್ಲೂ ಮಿತಿಯೊಳಗೇ ಇತ್ತು.

ಸಮುದ್ರಕ್ಕೆ ಹೋಗುವ ಗೇಟನ್ನು ಮುಚ್ಚಿ ನೀರನ್ನು ತುರ್ತು ಕೊಳಕ್ಕೆ ತಿರುಗಿಸಿದೆವು. ಕೊಳ ತುಂಬಲು ಹೆಚ್ಚೆಂದರೆ ಹನ್ನೆರಡು ದಿನ. ಆಮೇಲೆ ಕಾರ್ಖಾನೆಯೇ ಉತ್ಪಾದನೆ ಇಳಿಸಬೇಕು. ಅಂಥದ್ದು ನಡೆದರೆ ಯಾರಾದರೊಬ್ಬರ ಹೆಸರು ಬೇಕಾಗುತ್ತದೆ.

ಆ ಹೆಸರನ್ನು ನಮ್ಮ ಸೂಪರಿಂಟೆಂಡೆಂಟ್ ಸಾಮಿ ಗುರುವಾರವೇ ಹುಡುಕಿಕೊಂಡಿದ್ದ. ಪ್ಯಾಲೆಸ್ಟೀನ್ ಮೂಲದ ಎಂಜಿನಿಯರ್, ಕೆಟ್ಟವನಲ್ಲ, ಅವಸರದವನು. ಉಪವಾಸದ ಬಾಡಿದ ಮುಖದಲ್ಲಿ ಲಾಗ್ ಶೀಟುಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಹಾಕಿದ. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ನಡುನಡುವೆ ಅವನ ಅರಬ್ಬಿ.

“ಯಾ ಮೂರ್ತಿ, ಪಿಎಚ್ ನೋಡು. ತೊಟ್ಟಿಯಲ್ಲಿ ಏಳೂಕಾಲು ಇದ್ದದ್ದು ಎಂಟು ದಾಟಿದೆ. ಕಾಸ್ಟಿಕ್ ಬಿದ್ದಿದೆ.”

ಕಾಸ್ಟಿಕ್ ಎಂದರೆ ಕಾರ್ಖಾನೆಯಲ್ಲಿ ಬಳಸಿ ಬಿಟ್ಟ ಕ್ಷಾರದ ದ್ರಾವಣ. ಅದರ ಪೈಪು ರಾಘವನ ವಿಭಾಗದಲ್ಲಿ ಹಾದುಹೋಗುತ್ತಿತ್ತು. ತಪ್ಪಿ ತೆರೆದರೆ ಬ್ಯಾಕ್ಟೀರಿಯಾಗಳಿಗೆ ಅದು ವಿಷ.

“ಸಂಜೆ ಉಪವಾಸ ಬಿಡೋ ಹೊತ್ತು ಪ್ಯಾನಲ್ ಹತ್ತಿರ ಒಬ್ಬನೇ ಇರೋದು ಯಾರು? ನಿಮ್ಮ ರಾಘವ. ಭಾನುವಾರ ಅವನ ಕಫೀಲ್‌ಗೆ ಪತ್ರ ಹೋಗುತ್ತದೆ. ಖಲಾಸ್.”

ಕಫೀಲ್ ಎಂದರೆ ವೀಸಾ ಕೊಟ್ಟ ಮಾಲೀಕ. ರಾಘವನ ಮಟ್ಟಿಗೆ ಆ ಗುತ್ತಿಗೆದಾರ. ಪತ್ರ ಹೋದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ನಿರ್ಲಕ್ಷ್ಯ ಎಂದು ಬರೆದು ಇಕಾಮಾ, ಅಂದರೆ ವಾಸದ ಪರವಾನಗಿ, ರದ್ದು ಮಾಡುತ್ತಾರೆ, ವಾರದೊಳಗೆ ವಿಮಾನ. ಆ ಷರಾ ಬಿದ್ದವನನ್ನು ಇನ್ನೊಬ್ಬ ಗುತ್ತಿಗೆದಾರ ಕರೆಸಿಕೊಳ್ಳುವುದಿಲ್ಲ. ಆರು ವರ್ಷ ಹೆಲ್ಪರ್ ಆಗಿ ದುಡಿದು ಗಳಿಸಿದ ಹುದ್ದೆ ಅಲ್ಲಿಗೆ ಮುಗಿದಂತೆ.

ನಾನು ಭಾನುವಾರದವರೆಗೆ ಸಮಯ ಕೇಳಿದೆ. “ನಿನ್ನ ವರದಿ ಬಂದ ಮೇಲೇ ಸಹಿ ಮಾಡುತ್ತೇನೆ. ಆದರೆ ವರದಿ ಬರಬೇಕು, ಕಥೆ ಬೇಡ,” ಎಂದು ಸಾಮಿ ಎದ್ದು ಹೋದ.

ಕಾಸ್ಟಿಕ್ ಅಲ್ಲವೆಂಬುದು ಒಂದು ಗಂಟೆಯಲ್ಲೇ ನನಗೆ ಖಚಿತವಾಯಿತು. ಆ ದ್ರಾವಣದಲ್ಲಿ ಫೀನಾಲ್ ತುಂಬಿರುತ್ತದೆ. ಅದು ಬಿದ್ದಿದ್ದರೆ ತೊಟ್ಟಿಗೆ ಬರುವ ನೀರಿನಲ್ಲಿ ಫೀನಾಲ್ ಒಮ್ಮೆಲೇ ಏರಬೇಕಿತ್ತು. ಏರಿರಲಿಲ್ಲ. ಒಳಬರುವ ನೀರಿನ ಪಿಎಚ್ ಕೂಡ ಎಂದಿನಷ್ಟೇ ಇತ್ತು. ಏರಿದ್ದು ತೊಟ್ಟಿಯೊಳಗೆ ಮಾತ್ರ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಜೀವಿಗಳು ಕೆಲಸ ಮಾಡುತ್ತಿರುವಾಗ ಆಮ್ಲ ಹುಟ್ಟುತ್ತದೆ. ಅವು ಇಲ್ಲವಾದರೆ ಆಮ್ಲವೂ ಇಲ್ಲ, ಪಿಎಚ್ ತಾನಾಗಿ ಮೇಲೇರುತ್ತದೆ. ಸಾಮಿ ಕಾರಣವೆಂದುಕೊಂಡದ್ದು ನಿಜವಾಗಿ ಪರಿಣಾಮವಾಗಿತ್ತು.

ಹಾಗಾದರೆ ಅವು ಏಕೆ ಇಲ್ಲವಾದವು? ಬಿಸಿಲೇ ಎನ್ನಲು ಹಿಂದಿನ ವರ್ಷದ ರಿಜಿಸ್ಟರ್ ಬಿಡಲಿಲ್ಲ. ಆಗಲೂ ತೊಟ್ಟಿಯ ನೀರು ಇಷ್ಟೇ ಬಿಸಿಯಾಗಿತ್ತು, ಅಮೋನಿಯಾ ಕೆಟ್ಟಿರಲಿಲ್ಲ. ಉಳಿದದ್ದು ಒಂದೇ: ಕೆಸರು ಬೇಕಾದ್ದಕ್ಕಿಂತ ಹೆಚ್ಚು ಹೊರಹೋಗುತ್ತಿದೆ. ಗಂಟೆಗಳಲ್ಲಿ ಮರಿಹಾಕುವ ಫೀನಾಲ್ ಜೀವಿಗಳು ಆ ನಷ್ಟವನ್ನು ತುಂಬಿಕೊಂಡವು. ನಿಧಾನದವು ತೊಳೆದುಹೋದವು. ಆದರೆ ಅಬ್ಬಾಸನ ಶೀಟಿನಲ್ಲಿ ಪ್ರತಿದಿನವೂ ಒಂದೇ ಗುರುತು, ಒಂದೇ ಗಂಟೆ. ಆ ಪೈಪಿಗೆ ಮೀಟರ್ ಇರಲಿಲ್ಲ.

ಶುಕ್ರವಾರ ರಜೆ. ಆದರೂ ಮಧ್ಯಾಹ್ನ ಘಟಕಕ್ಕೆ ಹೋಗಿ ರಾಘವನನ್ನು ಕೇಳಿದೆ. ಪತ್ರದ ಸುದ್ದಿ ಅವನಿಗೆ ಆಗಲೇ ತಲುಪಿತ್ತು.

“ಕಾಸ್ಟಿಕ್ ನಾನು ಮುಟ್ಟಿದ್ದಿಲ್ಲ ಸರ್. ದೇವರಾಣೆ ಬೇಕಾದ್ರೆ ಹೇಳ್ತೇನೆ.”

“ಅದು ಗೊತ್ತಾಗಿದೆ ರಾಘವ. ಸಂಜೆ ಹೊತ್ತು ಬೇರೆ ಏನಾದ್ರೂ ನಡೀತಿತ್ತಾ?”

“ಎಂತ ನಡೀಲಿಕ್ಕುಂಟು? ಎಂತದೂ ಇಲ್ಲ.”

“ನಿನ್ನ ಕೆಲಸ ಹೋಗುತ್ತೆ ಕಣಯ್ಯ.”

“ಹೋದ್ರೆ ಹೋಗ್ಲಿ ಸರ್. ಊರಲ್ಲಿ ಗದ್ದೆ ಇಲ್ವಾ?” ಎಂದ. ಊರಲ್ಲಿ ಅವನಿಗೆ ಗದ್ದೆ ಇರಲಿಲ್ಲ. ಅದು ನನಗೂ ಗೊತ್ತಿತ್ತು. ಏನನ್ನೋ ಮುಚ್ಚಿಡುತ್ತಿದ್ದಾನೆಂದು ಅಂದುಕೊಂಡೆ, ಆದರೆ ಒತ್ತಾಯಿಸಲಿಲ್ಲ.

ಮನುಷ್ಯರು ಹೇಳದಿದ್ದುದನ್ನು ಮರಳಿನ ಅಂಕಣಗಳು ಹೇಳಿದವು. ಅಲ್ಲಿ ಒಣಗಿದ ಕೆಸರನ್ನು ಕೆರೆದು ತೆಗೆಯುವ ತಂಡಕ್ಕೆ ಒಬ್ಬ ವಯಸ್ಸಾದ ಮೇಸ್ತ್ರಿಯಿದ್ದ, ಆಂಧ್ರದ ಕಡೆಯವನು. ಈ ತಿಂಗಳು ಕೆಲಸ ಹೇಗಿದೆಯೆಂದು ಕೇಳಿದೆ. ಹಿಂದಿಯಲ್ಲಿ ಗೊಣಗಿದ: “ಕ್ಯಾ ಬೋಲೂಂ ಸಾಬ್, ಮೊದಲು ದಿನಕ್ಕೆ ಒಂದು ಅಂಕಣ ತುಂಬ್ತಿತ್ತು. ಈಗ ರಂಜಾನಲ್ಲಿ ಎರಡು. ಎಲ್ಲರಿಗೂ ಕೆಲಸ ಕಮ್ಮಿ, ನಮಗೆ ಡಬಲ್.”

“ಯಾರಿಗೂ ಹೇಳಲಿಲ್ವೇ?”

“ಕೇಳಿದವರು ಯಾರು ಸಾಬ್?”

ಒಂದು ಅಂಕಣ ನಾಲ್ಕು ಗಂಟೆಗೆ ತುಂಬುತ್ತದೆ, ಇನ್ನೊಂದು ಆರೂವರೆಗೆ ಎಂದೂ ಅವನೇ ಹೇಳಿದ. ಬಿಸಿಲು ಎಷ್ಟಿತ್ತೆಂದರೆ ಎರಡೂ ಮರುದಿನಕ್ಕೆ ಒಣಗಿ ಬಿರುಕು ಬಿಡುತ್ತಿದ್ದವು. ಹಾಗಾಗಿ ಯಾವ ಅಧಿಕಾರಿಯ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಶನಿವಾರ ಮೂರು ಗಂಟೆಗೆ ರಾಘವ ಮತ್ತು ಅಬ್ಬಾಸ್ ಇಬ್ಬರನ್ನೂ ಪ್ರಯೋಗಾಲಯಕ್ಕೆ ಕರೆದು ಕೂರಿಸಿದೆ. ಅಂಕಣಗಳ ವಿಷಯ ಹೇಳಿ ವಾಲ್ವ್ ತೆರೆದದ್ದು ಯಾರು ಎಂದು ಕೇಳಿದೆ.

“ನಾನೇ ಸರ್. ನನ್ನದೇ ವಾಲ್ವ್ ಅಲ್ವಾ? ದಿನಾ ನಾಲ್ಕು ಗಂಟೆಗೆ ತೆಗೀತೇನೆ,” ಎಂದ ಅಬ್ಬಾಸ್.

ರಾಘವ ತಲೆಯೆತ್ತಿದ. “ನಾಲ್ಕಕ್ಕಾ? ಆ ಬೆಂಕಿ ಬಿಸಿಲಲ್ಲಿ? ಉಪವಾಸ ಇಟ್ಕೊಂಡಾ?”

“ಮತ್ತೆ? ಸಂಜೆ ನಾನು ಹೋದ್ಮೇಲೆ ಎರಡು ಸೆಕ್ಷನ್ನೂ ನಿಮ್ಮ ತಲೆ ಮೇಲೆ. ಇದೊಂದಾದ್ರೂ ಮುಗಿಸಿ ಹೋಗುವಾ ಅಂತ.”

“ನಿನಗೆ ತಲೆ ಸರಿ ಉಂಟಾ ಮಾರಾಯಾ? ಯಾವಾಗ್ಲೂ ಆರೂವರೆಗಲ್ವಾ ತೆಗೆಯೂದು?”

“ನಿಮಗೆ ಕಷ್ಟ ಆಗ್ಬಾರ್ದಂತ ರಾಘವಣ್ಣ...”

“ನಾನು ತೆಗೀತಿದ್ದೆ! ದಿನಾ ಆರೂವರೆಗೆ! ಪಾಪ ಬ್ಯಾರಿ ಹಸಿದು ಹೋಗಿದ್ದಾನೆ, ಬಂದ್ಮೇಲೆ ಇದು ಬೇರೆ ಯಾಕೆ ಅವನಿಗೆ ಅಂತ ನಾನೇ ತೆಗ್ದು ಒಂದು ಗಂಟೆ ಬಿಟ್ಟು ಬಂದ್ ಮಾಡ್ತಿದ್ದೆ. ನಿನ್ನ ಶೀಟ್ ಖಾಲಿ ಇತ್ತಲ್ಲ ಮಾರಾಯಾ!”

“ಶೀಟ್ ನಾನು ತುಂಬಿಸೂದು ಪಾಳಿ ಮುಗಿಯುವಾಗ ಅಲ್ವಾ?”

ರಾಘವ ಮೇಜಿನ ಮೇಲಿದ್ದ ಅಬ್ಬಾಸನ ಶೀಟನ್ನು ಎಳೆದು ನೋಡಿದ. ಆಮೇಲೆ ಅಬ್ಬಾಸ್, “ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?” ಎಂದ.

“ನೀನು ಹೇಳಿದ್ಯಾ?”

“ಇಷ್ಟು ಸಣ್ಣದನ್ನು ಹೇಳ್ಕೊಳ್ಳೂದಾ?”

“ಹಾಂ. ನನ್ನದೂ ಅದೇ.”

ಹೇಳದಿರಲು ಇನ್ನೊಂದು ಕಾರಣವೂ ಇತ್ತು. ಅದು ನಿಧಾನವಾಗಿ ಹೊರಬಂತು. ಉಪವಾಸ ಬಿಡಲು ನಿಯಮದ ಪ್ರಕಾರ ಸಿಗುತ್ತಿದ್ದ ಬಿಡುವು ಅರ್ಧ ಗಂಟೆ, ಅದೂ ಘಟಕದೊಳಗಿನ ಕೋಣೆಯಲ್ಲಿ. ಅಬ್ಬಾಸ್ ಆರು ಗಂಟೆಗೆ ಪಿಕಪ್ ಹಿಡಿದು ಕೆಲಸಗಾರರ ವಾಸದ ಕ್ಯಾಂಪಿಗೆ ಹೋಗುತ್ತಿದ್ದ. ಅಲ್ಲಿ ಉಳ್ಳಾಲದ ಗೆಳೆಯರು ಮೆಂತೆ ಹಾಕಿದ ಗಂಜಿ ಕಾಯಿಸುತ್ತಿದ್ದರು. ನಮಾಜು ಮುಗಿಸಿ, ರಾಘವನಿಗೆ ನಾಲ್ಕು ಸಮೋಸ ಕಟ್ಟಿಸಿಕೊಂಡು ಮರಳುವಾಗ ಏಳೂವರೆ, ಅಂದರೆ ಒಂದೂವರೆ ಗಂಟೆ. ಎಷ್ಟೋ ವರ್ಷಗಳಿಂದ ಆ ಕ್ಯಾಂಪಿನ ಪದ್ಧತಿ ಅದು: ರಂಜಾನಿನಲ್ಲಿ ರಾಘವನಂಥವರು ನೋಡಿಕೊಳ್ಳುವುದು, ಚೌತಿಗೂ ದೀಪಾವಳಿಗೂ ಅಬ್ಬಾಸನಂಥವರು ನೋಡಿಕೊಳ್ಳುವುದು. ವಾಲ್ವಿನ ವಿಷಯ ಬಾಯಿಬಿಟ್ಟರೆ ಅಬ್ಬಾಸ್ ಜಾಗ ಬಿಟ್ಟುಹೋಗುತ್ತಿದ್ದುದು ಹೊರಬೀಳುತ್ತದೆ. ರಾಘವ ಶುಕ್ರವಾರ ಬಾಯಿ ಮುಚ್ಚಿಕೊಂಡಿದ್ದಕ್ಕೆ ಕಾರಣ ಇಷ್ಟೇ. ಎರಡು ಸಲ ತೆರೆದಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಅಬ್ಬಾಸ್ ತೊಟ್ಟಿಯ ಕಡೆಗೆ ಹೋದ ಮೇಲೆ ರಾಘವ ಬಾಗಿಲ ಬಳಿ ನಿಂತ.

“ನೀವು ಬರೀತೀರಲ್ಲ ಸರ್. ನಾನು ವಾಲ್ವ್ ಮುಟ್ಟಿದ್ದು ಬರೀರಿ, ಅದು ಹೌದು. ಅವ ಒಂದೂವರೆ ಗಂಟೆ ಹೋಗ್ತಿದ್ದ ಅಂತ ಬೇಡ. ಅರ್ಧ ಗಂಟೆ ಅಂತ ಬರೀರಿ. ಎಂತ ವ್ಯತ್ಯಾಸ ಆಗ್ತದೆ?”



ಭಾನುವಾರ ಬೆಳಿಗ್ಗೆ ಬರೆಯಲು ಕುಳಿತೆ. ಅರ್ಧ ಗಂಟೆ ಎಂದು ಬರೆದರೆ ವಾದ ನಿಲ್ಲುತ್ತಿರಲಿಲ್ಲ. ಅರ್ಧ ಗಂಟೆಗೆ ಘಟಕದೊಳಗೇ ಹೋಗಿಬರುವವನಿಗೆ ಇನ್ನೊಬ್ಬ ಒಂದು ಗಂಟೆಯ ಕೆಲಸವನ್ನು ಏಕೆ ಮಾಡಿಕೊಡುತ್ತಾನೆ? ಸಾಮಿ ಮೊದಲು ಕೇಳುವ ಪ್ರಶ್ನೆ ಅದೇ. ಉತ್ತರವಿಲ್ಲದಿದ್ದರೆ ಅವನು ಮತ್ತೆ ಕಾಸ್ಟಿಕ್ಕಿಗೆ ಹಿಂದಿರುಗುತ್ತಾನೆ, ರಾಘವನ ಪತ್ರಕ್ಕೆ ಸಹಿ ಬೀಳುತ್ತದೆ. ಒಂದೂವರೆ ಗಂಟೆ ಎಂದೇ ಬರೆದೆ. ಅದಕ್ಕೂ ಮೊದಲು, ಮೊದಲನೆಯ ಪ್ಯಾರಾದಲ್ಲಿ, ನಾನು ಪರೀಕ್ಷೆಗಳನ್ನು ವಾರಕ್ಕೊಮ್ಮೆಗೆ ಇಳಿಸಿದ್ದನ್ನೂ ಎರಡನೆಯ ಶನಿವಾರದ ಅಂಕಿಯನ್ನು ಬಿಸಿಲಿನ ತಲೆಗೆ ಕಟ್ಟಿದ್ದನ್ನೂ ಬರೆದೆ. ಪ್ರತಿದಿನ ಪರೀಕ್ಷಿಸಿದ್ದರೆ ಎಂಟು ಹತ್ತು ದಿನ ಮೊದಲೇ ಗೊತ್ತಾಗುತ್ತಿತ್ತು. ಎರಡು ಪುಟದ ವರದಿ.

ಸಾಮಿ ನಿಂತುಕೊಂಡೇ ಎರಡು ಸಲ ಓದಿದ. “ಇಬ್ಬರೂ ಒಳ್ಳೆಯ ಕೆಲಸ ಮಾಡಲು ಹೋಗಿ ನನ್ನ ತೊಟ್ಟಿಯನ್ನು ಕೊಂದರು ಅನ್ನುತ್ತೀಯಾ?”

“ಅವರಿಬ್ಬರೇ ಅಲ್ಲ. ಮೊದಲ ಪ್ಯಾರಾ ನೋಡಿ.”

“ನೋಡಿದೆ,” ಎಂದ. ಕಫೀಲಿಗೆ ಬರೆದಿಟ್ಟಿದ್ದ ಪತ್ರವನ್ನು ಡ್ರಾಯರಿನಿಂದ ತೆಗೆದು ಹರಿದ.

ಅಂದಿನಿಂದಲೇ ವಾಲ್ವನ್ನು ಪೂರ್ತಿ ಮುಚ್ಚಿದೆವು. ನಗರದ ಒಳಚರಂಡಿ ಸಂಸ್ಕರಣಾ ಘಟಕದಿಂದ ಟ್ಯಾಂಕರಿನಲ್ಲಿ ಜೀವಂತ ಕೆಸರು ತರಿಸಿ ತೊಟ್ಟಿಗೆ ಸುರಿದೆವು. ಹೆಪ್ಪು ಹಾಕಿದಂತೆ ಎನ್ನಬಹುದು. ಆದರೆ ಹಾಲು ಹೆಪ್ಪಾಗಲು ಒಂದು ರಾತ್ರಿ ಸಾಕು, ಇದಕ್ಕೆ ದಿನಗಳೇ ಬೇಕು. ನಾಲ್ಕು ದಿನ ಅಮೋನಿಯಾ ಮೂವತ್ತರ ಹತ್ತಿರವೇ ನಿಂತಿತ್ತು. ಐದನೆಯ ದಿನ ಇಪ್ಪತ್ತಾರು. ಕೊಳ ತುಂಬಲು ಒಂದಡಿ ಬಾಕಿಯಿದ್ದ ದಿನ ಅದು ಐದಕ್ಕಿಂತ ಕೆಳಗೆ ಬಂತು. ಆ ಹೊತ್ತಿಗೆ ಈದ್ ಕಳೆದಿತ್ತು. ಗೇಟು ತೆರೆದೆವು.

ಶಿಕ್ಷೆಯೂ ಹಂಚಿಕೆಯಾಯಿತು. ನನಗೆ ಲಿಖಿತ ಎಚ್ಚರಿಕೆ. ಬೇರೆಯವನ ವಾಲ್ವ್ ಮುಟ್ಟಿದ್ದಕ್ಕೆ ರಾಘವನಿಗೂ ಒಂದು ಎಚ್ಚರಿಕೆ; ಅವನ ಇಕಾಮಾ ಉಳಿಯಿತು, ಹುದ್ದೆಯೂ ಉಳಿಯಿತು. ಜಾಗ ಬಿಟ್ಟುಹೋಗಿದ್ದಕ್ಕೆ ಅಬ್ಬಾಸನನ್ನು ಆಪರೇಟರ್ ಸ್ಥಾನದಿಂದ ತೆಗೆದು ಆರು ತಿಂಗಳು ಮರಳಿನ ಅಂಕಣಗಳಿಗೆ ಹಾಕಿದರು. ಜುಲೈ, ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಅವನು ಸಲಿಕೆ ಹಿಡಿದು ಕೆಸರು ಕೆರೆಯುವುದನ್ನು ಪ್ರಯೋಗಾಲಯದ ಕಿಟಕಿಯಿಂದ ನೋಡುತ್ತಿದ್ದೆ. ರಾಘವ ಸ್ಯಾಂಪಲ್ ಬಾಟಲಿಗಳನ್ನು ಮೇಜಿನ ಮೇಲಿಟ್ಟು ಮಾತಿಲ್ಲದೆ ಹೋಗುತ್ತಿದ್ದ. ತನ್ನ ಕೆಲಸ ಉಳಿಸಿದವನು ನಾನೆಂಬ ಭಾವ ಅವನಿಗಿರಲಿಲ್ಲ. ಗೆಳೆಯನನ್ನು ಹಿಡಿದುಕೊಟ್ಟವನ ಮುಖ ನೋಡುವುದು ಅವನಿಗೆ ಬೇಕಿರಲಿಲ್ಲ.

ಮರುವರ್ಷದ ರಂಜಾನಿಗೆ ಮೊದಲು ಸಾಮಿ ಹೊಸ ಆದೇಶ ಹೊರಡಿಸಿದ. ಸಂಜೆ ಒಂದೂವರೆ ಗಂಟೆಯ ಬಿಡುವು, ಆ ಅವಧಿಗೆ ಬದಲಿ ಆಪರೇಟರ್, ಹೋಗುವಾಗ ಬರುವಾಗ ಬರಹದಲ್ಲಿ ಒಪ್ಪಿಸುವಿಕೆ, ವಾಲ್ವ್ ತೆರೆದ ಕೂಡಲೇ ಗಂಟೆ ನಮೂದಿಸಿ ಸಹಿ. ನಾನು ಅರ್ಧ ಗಂಟೆ ಎಂದು ಬರೆದಿದ್ದರೆ ಅರ್ಧ ಗಂಟೆ ಸಾಕೆಂದೇ ಕಂಪನಿ ಇನ್ನೂ ನಂಬಿಕೊಂಡಿರುತ್ತಿತ್ತು. ಹೀಗೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಆ ಆದೇಶ ಬಂದ ವಾರ, ಮತ್ತೆ ಆಪರೇಟರ್ ಆಗಿದ್ದ ಅಬ್ಬಾಸ್ ಶೀಟು ಕೊಡಲು ಪ್ರಯೋಗಾಲಯಕ್ಕೆ ಬಂದ. ಬಿಡುವಿನ ಆದೇಶ ನೋಡಿದೆಯಾ ಎಂದು ಕೇಳಿದೆ.

“ನೋಡಿದೆ ಸರ್. ಒಳ್ಳೇದಾಯ್ತು,” ಎಂದ. ಹೊರಟವನು ತಿರುಗಿ ನಿಂತ. “ನೀವು ಬರ್ದದ್ದು ತಪ್ಪು ಅಂತ ನಾನು ಯಾವತ್ತೂ ಹೇಳ್ಲಿಲ್ಲ ಸರ್. ನಡೆದದ್ದೇ ಬರ್ದಿದ್ದೀರಿ. ಆದ್ರೆ ಅದು ನನಗೆ ಗೊತ್ತಾದದ್ದು ಸಾಮಿ ಸಾಹೇಬರ ಬಾಯಿಂದ, ಎಲ್ಲರೆದುರು. ಶನಿವಾರ ನಿಮ್ಮೆದುರು ಕೂತು ನಾನೇ ಎಲ್ಲ ಹೇಳಿದವ. ‘ಅಬ್ಬಾಸ್, ಇದನ್ನು ಬರೀತೇನೆ’ ಅಂತ ನನ್ನತ್ರ ಒಂದು ಮಾತು ಹೇಳ್ಬಹುದಿತ್ತಲ್ಲ?”

ಹೇಳಬಹುದಿತ್ತು. ಭಾನುವಾರ ಬೆಳಿಗ್ಗೆ ಅದಕ್ಕೆ ಸಮಯವೂ ಇತ್ತು.

ಆಮೇಲೆ ನಾನು ಹದಿನೆಂಟು ವರ್ಷ ಕೆಲಸ ಮಾಡಿದೆ, ಮೊದಲು ಕುವೈತಿನಲ್ಲಿ, ನಂತರ ಭಾರತದಲ್ಲಿ. ಸತ್ತುಹೋದ ತೊಟ್ಟಿಗಳನ್ನು ಬದುಕಿಸುವುದನ್ನು ಚೆನ್ನಾಗಿಯೇ ಕಲಿತೆ; ಪುಸ್ತಕಗಳಲ್ಲಿ ಅದಕ್ಕೆ ವಿಧಾನಗಳಿವೆ. ಪುಸ್ತಕದಲ್ಲಿ ಇಲ್ಲದ್ದನ್ನು ಅಬ್ಬಾಸ್ ಕಲಿಸಿದ. ಆ ದಿನದ ನಂತರ, ಯಾವುದೇ ವರದಿಯಲ್ಲಿ ಒಬ್ಬನ ಹೆಸರು ಬರುವುದಿದ್ದರೆ, ಸಹಿ ಮಾಡುವ ಮೊದಲು ಅವನನ್ನು ಕರೆದು, ಕುರ್ಚಿ ಕೊಟ್ಟು, ಅವನ ಬಗ್ಗೆ ಬರೆದ ಸಾಲನ್ನು ಅವನ ಭಾಷೆಯಲ್ಲಿ ಓದಿ ಹೇಳುತ್ತಿದ್ದೆ. ಕೆಲವರು ಬೈದರು, ಒಬ್ಬ ಅತ್ತ. ಮೂರು ಸಲ, ನಾನು ಬರೆದದ್ದೇ ತಪ್ಪಾಗಿತ್ತು.